ಬೆಂಗಳೂರಿನ ತೇಜಸ್ ಗೋವಾ ಕಡಲಿಗೆ ಬಂದದ್ದೇಕೆ?



ದಾಬೋಲಿಂನಿಂದ ನೌಕಾಪಡೆಯ ಜೆಟ್ ಏರಿತೆಂದರೆ ಬಾಯ್ನಾದಲ್ಲಿ ನಾವು ಮಾತು ನಿಲ್ಲಿಸಿ, ಸದ್ದು ಹೋದ ಮೇಲೆ ಮುಂದುವರಿಸುತ್ತೇವೆ. ಬೆಂಗಳೂರಿನಲ್ಲಿ ತಯಾರಾದ ತೇಜಸ್ ವಿಮಾನವನ್ನು ಪರೀಕ್ಷೆಗೆಂದು ಇಲ್ಲಿಗೇಕೆ ತಂದರು ಎಂದು ಕಾರವಾರ, ಬೆಳಗಾವಿ ಕಡೆಯ ಸದಸ್ಯರ ಮಕ್ಕಳು ಕೇಳುತ್ತಿರುತ್ತಾರೆ. ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ.

2009ರ ಡಿಸೆಂಬರಿನಲ್ಲಿ ಇಲ್ಲಿನ ಐಎನ್‌ಎಸ್ ಹಂಸ ನೆಲೆಯಿಂದ ಹಾರಿದ ತೇಜಸ್ ಗಂಟೆಗೆ 1350 ಕಿ.ಮೀ. ವೇಗ ದಾಟಿತು. ಪತ್ರಿಕೆಗಳು ವೇಗವನ್ನೇ ದೊಡ್ಡದು ಮಾಡಿದವು. ನಮ್ಮ ದೃಷ್ಟಿಯಲ್ಲಿ ದೊಡ್ಡ ಪ್ರಶ್ನೆ ಬೇರೆ: ಆ ವೇಗದಲ್ಲಿ ರೆಕ್ಕೆ ಗಟ್ಟಿಯಾಗಿ ನಿಂತೀತೇ?

ಮಳೆಗಾಲದಲ್ಲಿ ಸೂರಿನ ತಗಡಿನ ಒಂದು ಮೂಲೆ ಸಡಿಲವಾದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಗಾಳಿ ಒಂದೇ ಸಮನೆ ಬೀಸುತ್ತಿದ್ದರೂ ತಗಡು ಪಟಪಟನೆ ಬಡಿಯುತ್ತದೆ. ತಗಡು ಬಾಗಿದಾಗ ಅದರ ಮೇಲಿನ ಗಾಳಿಯ ಒತ್ತಡ ಬದಲಾಗುತ್ತದೆ, ಬದಲಾದ ಒತ್ತಡ ತಗಡನ್ನು ಮತ್ತೆ ಬಾಗಿಸುತ್ತದೆ. ವಿಮಾನದ ರೆಕ್ಕೆಯೂ ಹೀಗೆಯೇ. ನೋಡಲು ಗಟ್ಟಿ, ಆದರೆ ಹಾರುವಾಗ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಬಾಗುವ ಲಯವೂ ತಿರುಚುವ ಲಯವೂ ಕೂಡಿಕೊಂಡರೆ ರೆಕ್ಕೆ ಗಾಳಿಯಿಂದಲೇ ಶಕ್ತಿ ಹೀರಿ ಹೆಚ್ಚು ಹೆಚ್ಚು ನಡುಗುತ್ತದೆ. ಇದೇ ಫ್ಲಟರ್. ಕೆಲವೇ ಕ್ಷಣಗಳಲ್ಲಿ ರೆಕ್ಕೆ ಮುರಿಯಬಹುದು. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ಸೇತುವೆ ಗಂಟೆಗೆ ಸುಮಾರು 65 ಕಿ.ಮೀ. ಗಾಳಿಗೆ ತಿರುಚಿ ತಿರುಚಿ ನೀರಿಗೆ ಬಿದ್ದದ್ದೂ ಇದೇ ಜಾತಿಯ ಕಾಟದಿಂದ.

ಶಬ್ದದ ವೇಗದ ಹತ್ತಿರ ಈ ಕಾಟ ಇನ್ನೂ ಕೆಟ್ಟದು. ರೆಕ್ಕೆಯ ಉಬ್ಬಿದ ಮೇಲ್ಭಾಗದಲ್ಲಿ ಗಾಳಿ ವಿಮಾನಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ವಿಮಾನ ಇನ್ನೂ ಶಬ್ದದ ವೇಗ ಮುಟ್ಟದಿದ್ದರೂ ಅಲ್ಲೊಂದು ಕಡೆ ಗಾಳಿ ಆ ವೇಗ ದಾಟಿರುತ್ತದೆ. ದಾಟಿದ ಗಾಳಿ ಥಟ್ಟನೆ ನಿಧಾನಗೊಳ್ಳುವ ಗೆರೆಯೇ ಆಘಾತ ತರಂಗ. ರೆಕ್ಕೆ ತುಸು ತಿರುಚಿದರೂ ಈ ಗೆರೆ ಹಿಂದೆ ಮುಂದೆ ಸರಿಯುತ್ತದೆ, ಅದರೊಂದಿಗೆ ಒತ್ತಡವೂ ಜಾಗ ಬದಲಿಸುತ್ತದೆ. ಆದರೆ ಸರಿಯುವುದು ಕೊಂಚ ತಡವಾಗಿ. ಪಂಚಮಿಯ ಜೋಕಾಲಿ ನೆನೆಸಿಕೊಳ್ಳಿ: ಎಷ್ಟು ಬಲವಾಗಿ ನೂಕಿದಿರಿ ಎಂಬುದಕ್ಕಿಂತ ಯಾವ ಹೊತ್ತಿಗೆ ನೂಕಿದಿರಿ ಎಂಬುದೇ ಮುಖ್ಯ. ತಡವಾದ ಆ ನೂಕು ಲಯಕ್ಕೆ ಸರಿಯಾಗಿ ಬಿದ್ದರೆ ನಡುಕ ಏರುತ್ತದೆ. ನಿಧಾನವಾದಾಗ ಸುರಕ್ಷಿತ, ಶಬ್ದವನ್ನು ಪೂರ್ತಿ ದಾಟಿದ ಮೇಲೂ ಸುರಕ್ಷಿತವಾದ ರೆಕ್ಕೆ ನಡುವಿನ ಈ ಹೊಸ್ತಿಲಲ್ಲಿ ಕೈಕೊಡಬಹುದು.

ಇಲ್ಲಿ ಬರೀ ಲೆಕ್ಕವನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ಬೆಂಗಳೂರಿನ ಎನ್‌ಎಎಲ್‌ನಲ್ಲಿ 1967ರಿಂದ 1.2 ಮೀಟರ್ ಗಾಳಿ ಸುರಂಗವಿದೆ. ಅದರಲ್ಲಿ ಶಬ್ದದ ವೇಗಕ್ಕಿಂತ ಕೆಳಗೂ ಮೇಲೂ, ಹೊಸ್ತಿಲಲ್ಲೂ ಮಾದರಿಗಳಿಗೆ ಗಾಳಿ ಬಿಟ್ಟು ನೋಡುತ್ತಾರೆ. ಆದರೂ ಕೊನೆಗೆ ವಿಮಾನವೇ ಹಾರಬೇಕು.

ಈಗ ಗೋವಾದ ಮಾತು. ತೇಜಸ್ 2003ರ ಆಗಸ್ಟ್ 1ರಂದೇ ಶಬ್ದದ ವೇಗ ದಾಟಿತ್ತು, ಆದರೆ ಎತ್ತರದಲ್ಲಿ, ತೆಳು ಗಾಳಿಯಲ್ಲಿ. 11 ಕಿ.ಮೀ. ಮೇಲೆ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 0.36 ಕೆ.ಜಿ., ಕಡಲಮಟ್ಟದಲ್ಲಿ 1.2 ಕೆ.ಜಿ. ಒಂದೇ ವೇಗಕ್ಕೆ ಇಲ್ಲಿ ಮೂರು ಪಟ್ಟಿಗೂ ಹೆಚ್ಚು ಹೊಡೆತ. ಬೆಂಗಳೂರೋ ನೆಲದಲ್ಲೇ ಸುಮಾರು 900 ಮೀಟರ್ ಎತ್ತರದಲ್ಲಿದೆ! ದಟ್ಟ ಗಾಳಿ ಬೇಕೆಂದರೆ ಕಡಲಿಗೇ ಇಳಿಯಬೇಕು, ಕೆಳಗೆ ಊರುಕೇರಿಯೂ ಇರಬಾರದು. ನಮ್ಮ ಬೆಚ್ಚಗಿನ ಕರಾವಳಿ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1250 ಕಿ.ಮೀ. ಅಂದಮೇಲೆ 1350 ಎಂದರೆ ಆ ಹೊಸ್ತಿಲನ್ನು ಆಗಷ್ಟೇ ದಾಟಿದ ಜಾಗ.

ಇಂಥ ಹಾರಾಟದಲ್ಲಿ ವೇಗವನ್ನು ಹಂತ ಹಂತವಾಗಿ ಏರಿಸುತ್ತಾರೆ. ಪ್ರತಿ ಹಂತದಲ್ಲಿ ರೆಕ್ಕೆಯನ್ನು ಬೇಕೆಂದೇ ಅಲುಗಿಸಿ, ನಡುಕ ಎಷ್ಟು ಬೇಗ ಅಡಗುತ್ತದೆಂದು ನೆಲದಲ್ಲಿ ಕುಳಿತ ಎಂಜಿನಿಯರುಗಳು ಪರದೆಯಲ್ಲಿ ನೋಡುತ್ತಾರೆ. ಅಡಗಲು ಹಿಂದಿನ ಹಂತಕ್ಕಿಂತ ತಡವಾಗುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ಮೇಲಿರುವವನು ಒಬ್ಬನೇ.

ಮುಂದಿನ ಮಾಸಿಕ ಸಭೆಗೆ ಮಕ್ಕಳನ್ನು ಕರೆತನ್ನಿ. ಟೇಬಲ್ ಫ್ಯಾನಿನ ಮುಂದೆ ಕಾಗದದ ಪಟ್ಟಿ ಹಿಡಿದು ಫ್ಲಟರ್ ತೋರಿಸುವ ಏರ್ಪಾಡು ಮಾಡಿದ್ದೇವೆ.

– ಕಾರ್ಯದರ್ಶಿ