‘ಪ್ರೆಸೆಂಟ್ಲಿ’: ಒಂದು ಇಂಗ್ಲಿಷ್ ಕ್ರಿಯಾವಿಶೇಷಣದ ಅರ್ಥವಿಚಾರ

ಇಂಗ್ಲಿಷಿನ ‘ಪ್ರೆಸೆಂಟ್ಲಿ’ ಎಂಬ ಕ್ರಿಯಾವಿಶೇಷಣವನ್ನು ವಿದ್ಯಾರ್ಥಿಯೊಬ್ಬನು ಅರ್ಜಿಯಲ್ಲಿ ‘ಈಗ’ ಎಂಬರ್ಥದಲ್ಲಿ ಬರೆದರೆ ಕೆಲವು ಅಧ್ಯಾಪಕರು ತಪ್ಪೆಂದು ತಿದ್ದುವುದುಂಟು. ಅದೇ ವಿದ್ಯಾರ್ಥಿಯು ಷೇಕ್ಸ್‌ಪಿಯರನ ನಾಟಕದಲ್ಲಿ ಆ ಪದಕ್ಕೆ ‘ಸ್ವಲ್ಪ ಹೊತ್ತಿನ ಮೇಲೆ’ ಎಂದು ಅರ್ಥ ಹೇಳಿದರೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಹೆಚ್ಚಾಗಿ ತಿದ್ದಬೇಕಾದುದು ಎರಡನೆಯದನ್ನೇ.

ಈ ಪದದ ಮೂಲವು ‘ಎದುರಿಗಿರುವ’ ಎಂಬರ್ಥದ ಲ್ಯಾಟಿನ್ ಶಬ್ದ. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಪ್ರೆಸೆಂಟ್’ ಆಯಿತು. ಅದಕ್ಕೆ ಹತ್ತಿದ ‘ಲಿ’ ಪ್ರತ್ಯಯವು ಇಂಗ್ಲಿಷಿನ ಸ್ವಂತದ್ದು. 15ನೆಯ ಶತಮಾನದಲ್ಲಿಯೇ ಈ ಪದಕ್ಕೆ ‘ಈಗ’ ಮತ್ತು ‘ತತ್‌ಕ್ಷಣ’ ಎಂಬ ಎರಡು ಅರ್ಥಗಳಿದ್ದುವು.

1611ರ ಇಂಗ್ಲಿಷ್ ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ಅಂಜೂರದ ಮರವು ಒಣಗಿದುದನ್ನು ಹೇಳುವಾಗ ಈ ಪದವೇ ಬಂದಿದೆ. ಅಲ್ಲಿ ಅದು ‘ಆ ಕ್ಷಣವೇ’ ಎಂಬರ್ಥದ ಗ್ರೀಕ್ ಪದಕ್ಕೆ ಭಾಷಾಂತರ. ‘ಟೆಂಪೆಸ್ಟ್’ ನಾಟಕದ ನಾಲ್ಕನೆಯ ಅಂಕದಲ್ಲಿಯೂ ಏರಿಯಲ್ ಈ ಪದದಿಂದಲೇ ಪ್ರಶ್ನಿಸಲು, ಕಣ್ಣೆವೆಯಿಕ್ಕುವಷ್ಟರಲ್ಲಿ ಆಗಬೇಕೆಂದು ಪ್ರಾಸ್ಪೆರೊ ಉತ್ತರಕೊಡುತ್ತಾನೆ. ಇಲ್ಲಿ ವಿಳಂಬಕ್ಕೆ ಅವಕಾಶವೇ ಇಲ್ಲ.

ಅರ್ಥವು ಸಡಿಲಗೊಂಡದ್ದು ಮನುಷ್ಯಸ್ವಭಾವದಿಂದ. ‘ತತ್‌ಕ್ಷಣ’ ಎಂದವನು ತಡಮಾಡಿದಂತೆಲ್ಲ ಕೇಳುವವನು ಆ ಮಾತಿಗೆ ‘ಸ್ವಲ್ಪ ಹೊತ್ತಿನಲ್ಲಿ’ ಎಂಬ ಬೆಲೆಯನ್ನೇ ಕಟ್ಟುತ್ತಾನೆ. ‘ಸೂನ್’, ‘ಅನಾನ್’ ಎಂಬ ಪದಗಳೂ ಮೊದಲು ‘ಕೂಡಲೇ’ ಎಂಬರ್ಥದಲ್ಲಿದ್ದು ಹೀಗೆಯೇ ಸಡಿಲಗೊಂಡುವು. ಕನ್ನಡದಲ್ಲಿಯೂ ಒಳಮನೆಯಿಂದ ‘ಇದೋ, ಬಂದೆ’ ಎನ್ನುವವರು ಭೂತಕಾಲದ ಕ್ರಿಯಾಪದವನ್ನೇ ಬಳಸಿದರೂ ಜಗಲಿಯಲ್ಲಿ ಕುಳಿತ ಅತಿಥಿಯು ಇನ್ನಷ್ಟು ಹೊತ್ತು ಕಾಯಬೇಕಾಗುತ್ತದೆಯಷ್ಟೆ!

‘ಈಗ’ ಎಂಬ ಅರ್ಥವು 17ನೆಯ ಶತಮಾನದ ಬಳಿಕ ಇಂಗ್ಲೆಂಡಿನ ಶಿಷ್ಟ ಬರೆಹದಲ್ಲಿ ವಿರಳವಾಯಿತು. ಆದರೆ ಸ್ಕಾಟ್ಲೆಂಡಿನಲ್ಲಿ ಉಳಿದುಕೊಂಡು, 20ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಮತ್ತೆ ಬಳಕೆಗೆ ಬಂದಿತು. ಭಾರತದ ಕಚೇರಿ ಪತ್ರಗಳಲ್ಲಿ ಇಂದು ಇದೇ ಅರ್ಥವು ರೂಢಿಯಾಗಿದೆ. ಆದುದರಿಂದ ಇದು ನಮ್ಮವರ ಅಜ್ಞಾನದಿಂದ ಹುಟ್ಟಿದ ಪ್ರಯೋಗವಲ್ಲ.

ಅರ್ಥನಿರ್ಣಯಕ್ಕೆ ಕ್ರಿಯಾಪದದ ಕಾಲವನ್ನೂ ಗ್ರಂಥದ ಕಾಲವನ್ನೂ ನೋಡಬೇಕು. ಇಂದಿನ ಬರೆಹದಲ್ಲಿ ವರ್ತಮಾನದೊಡನೆ ಬಂದರೆ ಸಾಮಾನ್ಯವಾಗಿ ‘ಈಗ’. ಭವಿಷ್ಯತ್ತಿನೊಡನೆ ಅಥವಾ ಕಥನದ ಭೂತಕಾಲದೊಡನೆ ಬಂದರೆ ‘ತುಸು ಹೊತ್ತಿನಲ್ಲಿ’. 16, 17ನೆಯ ಶತಮಾನಗಳ ಗ್ರಂಥಗಳಲ್ಲಿ ಮೊದಲು ಪರಿಶೀಲಿಸಬೇಕಾದ ಅರ್ಥ ‘ತತ್‌ಕ್ಷಣ’.