ಕಾಲು ನಿಂತ ಮೇಲೆ ಹೊಟ್ಟೆ ನಿಲ್ಲಬೇಕು

ರಾತ್ರಿ ಊಟ ಆದ ಮೇಲೆ ಮಗ ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. “ಉಮ್ಮಾ, ಈ ಜನರ ಹೊಟ್ಟೆ ನೋಡಿ. ಎಂತದೋ ಸರಿ ಇಲ್ಲ, ಎಂತ ಅಂತ ಗೊತ್ತಾಗ್ತಾ ಇಲ್ಲ.”

ಪರದೆಯ ಮೇಲೆ ಲುಂಗಿ ಉಟ್ಟ ದಪ್ಪ ಮನುಷ್ಯರೊಬ್ಬರು ಮೆಟ್ಟಿಲು ಇಳಿಯುತ್ತಿದ್ದರು. ನಡಿಗೆ ಚೆನ್ನಾಗಿತ್ತು. ಹೊಟ್ಟೆ ಮಾತ್ರ ಮಡಕೆ ಕಟ್ಟಿಕೊಂಡ ಹಾಗೆ. ಮೈ ಇಳಿದಾಗ ಇಳಿಯುತ್ತದೆ, ಮೈ ನಿಂತಾಗ ಟಕ್ಕಂತ ನಿಲ್ಲುತ್ತದೆ. “ನಿಜವಾದ ಹೊಟ್ಟೆ ಆದ್ರೆ ಕಾಲು ನಿಂತ ಮೇಲೆ ಒಂದು ಸಲ ಅಲ್ಲಾಡಿ ನಿಲ್ತದೆ ಅಲ್ವಾ?” ಅಂದೆ. ಅವನು ಹಣೆಗೆ ಕೈ ಹೊಡೆದುಕೊಂಡ.

ಅನಿಮೇಷನ್ ಅಂದರೆ ಚಿತ್ರ ಬಿಡಿಸುವುದು ಅಂತ ನಾನು ತಿಳಿದಿದ್ದೆ. ಇವನ ಪಕ್ಕ ಕೂತ ಮೇಲೆ ಗೊತ್ತಾಯಿತು, ಕಂಪ್ಯೂಟರಿನ ಮನುಷ್ಯನಿಗೆ ಒಳಗೆ ಮೂಳೆ ಉಂಟು, ಹೊರಗೆ ಚರ್ಮ ಉಂಟು, ನಡುವೆ ಮಾಂಸ ಇಲ್ಲ. ಮೂಳೆ ಎಳೆದ ಕಡೆ ಚರ್ಮ ಹೋಗುತ್ತದೆ, ಅಷ್ಟೆ. ಕೆನ್ನೆ, ತೋಳಿನ ಕೆಳಭಾಗ, ಹೊಟ್ಟೆ ಎಲ್ಲ ಮರದ ಹಾಗೆ. ಅದನ್ನು ಮೆದು ಮಾಡುವ ವಿದ್ಯೆಗೆ ‘ಸಾಫ್ಟ್ ಬಾಡಿ’ ಅಂತ ಹೆಸರು.

ಮೀನಿನ ಬಲೆಯನ್ನು ನೆನಪಿಸಿಕೊಳ್ಳಿ. ಬೊಂಬೆಯ ಮೈ ಇಡೀ ಅಂಥ ಬಲೆ. ಪ್ರತಿ ಗಂಟಿಗೂ ಒಂದಿಷ್ಟು ಭಾರ ಕೊಡುತ್ತಾರೆ, ಗಂಟುಗಳ ನಡುವಿನ ದಾರವನ್ನು ಸ್ಪ್ರಿಂಗ್ ಮಾಡುತ್ತಾರೆ. ಒಂದು ಸೆಕೆಂಡಿನ ಸಿನಿಮಾಕ್ಕೆ 24 ಚಿತ್ರ. ಒಂದೊಂದು ಚಿತ್ರಕ್ಕೂ ಯಾವ ಗಂಟು ಎಷ್ಟು ಎಳೆದಿದೆ, ಎಷ್ಟು ಹಿಂದೆ ಬಂದಿದೆ ಅಂತ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹಿಗ್ಗುವ, ಬಗ್ಗುವ ವಸ್ತುಗಳನ್ನು ಕಂಪ್ಯೂಟರಿನಲ್ಲಿ ಹೀಗೆ ಭೌತಶಾಸ್ತ್ರದ ಲೆಕ್ಕದಿಂದ ಆಡಿಸಬಹುದು ಅಂತ ಡೆಮೆಟ್ರಿ ಟರ್ಜೊಪೌಲೋಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1987ರಲ್ಲೇ ಬರೆದು ತೋರಿಸಿದ್ದರು. ‘ಅವತಾರ್’ ಸಿನಿಮಾದ ನೀಲಿ ಜನ ಉಂಟಲ್ಲ, ಅವರನ್ನು ಮಾಡಿದ ನ್ಯೂಜಿಲೆಂಡಿನ ವೆಟಾ ಸಂಸ್ಥೆ ಮೂಳೆಯ ಮೇಲೆ ಸ್ನಾಯು, ಕೊಬ್ಬು, ಚರ್ಮ ಬೇರೆ ಬೇರೆಯಾಗಿ ಕಟ್ಟುವ ‘ಟಿಶ್ಯೂ’ ಎಂಬ ವ್ಯವಸ್ಥೆ ಮಾಡಿತು. 2013ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿದೆ.

ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಮಟ್ಟಿಗೆ ಇಲ್ಲ. ಮಗ ಬೊಂಬೆಯ ಮೈಗೆ ಬಣ್ಣ ಬಳಿಯುತ್ತಾನೆ. ಕೆಂಪು ಬಳಿದ ಜಾಗ ಮೂಳೆಗೆ ಅಂಟಿಕೊಂಡಿರುತ್ತದೆ, ನೀಲಿ ಬಳಿದದ್ದು ಸಡಿಲ. ಬೆನ್ನೆಲ್ಲ ಕೆಂಪು, ಹೊಟ್ಟೆಯ ಮುಂಭಾಗ ಹಸಿರಿನಿಂದ ನೀಲಿಗೆ ಇಳಿಯಬೇಕು. ಮೊದಲ ದಿನ ಪೂರ್ತಿ ನೀಲಿ ಬಳಿದಿದ್ದ. ಹೊಟ್ಟೆ ಕಳಚಿ ಮೊಣಕಾಲಿಗೆ ಬಂತು, ನಾವಿಬ್ಬರೂ ನಕ್ಕದ್ದೇ ನಕ್ಕದ್ದು. ಸ್ಪ್ರಿಂಗ್ ಬಿಗಿ ಮಾಡಿದರೆ ರಬ್ಬರ್ ಚೆಂಡು. ಕುಲುಕಾಟ ತಣಿಯುವ ಅಳತೆ ಕಡಿಮೆ ಇಟ್ಟರೆ ಮನುಷ್ಯ ನಿಂತರೂ ಹೊಟ್ಟೆ ಜೆಲ್ಲಿಯ ಹಾಗೆ ಅಲ್ಲಾಡ್ತಾನೇ ಇರುತ್ತದೆ. ಇಡೀ ಮೈಗೆ ಲೆಕ್ಕ ಹಾಕಿದರೆ ನಮ್ಮ ಹಳೆ ಲ್ಯಾಪ್‌ಟಾಪ್ ಸ್ತಬ್ಧ. ಅದಕ್ಕೆ ಹೊಟ್ಟೆಯ ಸುತ್ತ ನಾಲ್ಕಾರು ಗಂಟಿನ ಒಂದು ಸರಳ ಗೂಡು ಕಟ್ಟಿ, ಗೂಡನ್ನು ಮಾತ್ರ ಕುಲುಕಿಸಿ, ಒಳಗಿನ ಮೈ ಅದರ ಹಿಂದೆ ಬರುವ ಹಾಗೆ ಮಾಡುತ್ತಾನೆ. ಕೊನೆಗೆ ಲೆಕ್ಕವನ್ನೆಲ್ಲ ಒಮ್ಮೆ ಮುಗಿಸಿ ಉಳಿಸಿಡುವುದಕ್ಕೆ ‘ಬೇಕ್’ ಅಂತಾರಂತೆ. ನನ್ನ ಓವನ್‌ಗಿಂತ ನಿಧಾನ.

ಇಷ್ಟನ್ನು ಅವನು ಕಲಿತದ್ದು ಮನೆಯಲ್ಲೇ ಕೂತು. ಮೊದಲು ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದ್ದೆವು. ಅವನ ಉಪ್ಪ ಗಲ್ಫಿನಿಂದ ಕಳಿಸಿದ ಆರು ತಿಂಗಳ ಉಳಿತಾಯ ಫೀಸಿಗೆ ಹೋಯಿತು. ಅಲ್ಲಿ ಹೇಳಿಕೊಟ್ಟದ್ದು ಯಾವ ಬಟನ್ ಎಲ್ಲಿ ಅಂತ ಮಾತ್ರ. ಈಗ ಅವನು ಬಳಸುವ ಬ್ಲೆಂಡರ್ ಎಂಬ ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಇಲ್ಲ. 2002ರಲ್ಲಿ ಅದರ ಕಂಪೆನಿ ಮುಚ್ಚಿದಾಗ, ಅದನ್ನು ಕಟ್ಟಿದ ಟಾನ್ ರೋಸೆಂಡಾಲ್ ಜನರಿಂದ 1 ಲಕ್ಷ ಯುರೋ ಒಟ್ಟುಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾ ದೇಶದ ‘ಫ್ಲೋ’ ಎಂಬ ಬೆಕ್ಕಿನ ಸಿನಿಮಾ ಅದರಲ್ಲೇ ಆದದ್ದು. ಫೀಸು ಕಟ್ಟುವ ಮೊದಲು ಇದು ಗೊತ್ತಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯ ಮಗ, ಮಗಳು ಇದನ್ನೇ ಕಲಿಯಬೇಕು ಅಂತ ಹಟ ಹಿಡಿದಿದ್ದರೆ ಮೂರು ತಿಂಗಳು ಇದರಲ್ಲಿ ಆಡಲು ಬಿಡಿ, ಆಮೇಲೆ ಫೀಸಿನ ಮಾತು.

ಪ್ರತಿ ಶುಕ್ರವಾರ ಫೋನಿನಲ್ಲಿ ಅವನ ಉಪ್ಪನದ್ದು ಒಂದೇ ಪ್ರಶ್ನೆ: “ಇದರಲ್ಲಿ ಕೆಲಸ ಸಿಗ್ತದಾ?” ಸಿಗ್ತದೆ ಅಂತ ಗಟ್ಟಿಯಾಗಿ ಹೇಳುವ ಧೈರ್ಯ ನನಗೂ ಇಲ್ಲ, ಮಗನಿಗೂ ಇಲ್ಲ.

ಹೋದ ವಾರ ವೀಡಿಯೊ ಕಾಲ್‌ನಲ್ಲಿ ಮಗ ಆ ಮೆಟ್ಟಿಲು ಇಳಿಯುವ ತುಣುಕು ತೋರಿಸಿದ. ಕೊನೆಯ ಮೆಟ್ಟಿಲು, ಕಾಲು ನಿಂತಿತು, ಹೊಟ್ಟೆ ಒಂದು ಗಳಿಗೆ ತಡೆದು ಕೆಳಗೆ ಹೋಗಿ ಮೇಲೆ ಬಂದು ಸುಮ್ಮನಾಯಿತು. ಎರಡು ವರ್ಷದ ಹಿಂದೆ ರಜೆಗೆ ಬಂದಾಗ ನಮ್ಮ ಮನೆಯ ಮೆಟ್ಟಿಲಲ್ಲಿ ತೆಗೆದ ವೀಡಿಯೊ ನೋಡಿಕೊಂಡು ಮಾಡಿದ್ದಂತೆ; ನನಗೂ ಹೇಳಿರಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದ ಇಲ್ಲ. ಆಮೇಲೆ ನಗು.

“ಇದು ನಾನಲ್ವಾ? ಈಗ ಅಷ್ಟು ಹೊಟ್ಟೆ ಇಲ್ಲ ಮಾರಾಯಾ, ಸ್ವಲ್ಪ ಕಡಿಮೆ ಮಾಡು.”

ಆ ಶುಕ್ರವಾರ ಕೆಲಸದ ವಿಷಯ ಕೇಳಲಿಲ್ಲ.