ಕ್ಯಾಪ್ಟೊರೈನಸ್: ಒಂದು ಆದಿಸರೀಸೃಪದ ಕಪಾಲ ಮತ್ತು ದಂತರಚನೆ

ಅಳಿದುಹೋದ ಪ್ರಾಣಿಯೊಂದರ ಆಹಾರ, ಬೆಳವಣಿಗೆ, ರೋಗಗಳನ್ನು ಅರಿಯಲು ಹಲ್ಲಿನಷ್ಟು ನೆರವಾಗುವ ಅವಶೇಷ ಮತ್ತೊಂದಿಲ್ಲವೆನ್ನಬಹುದು. ಇದಕ್ಕೆ ಕ್ಯಾಪ್ಟೊರೈನಸ್ ಉತ್ತಮ ನಿದರ್ಶನ. ಪರ್ಮಿಯನ್ ಯುಗದ ಆರಂಭದಲ್ಲಿ, ಎಂದರೆ ಸುಮಾರು 29 ಕೋಟಿ ವರ್ಷಗಳ ಹಿಂದೆ, ಈಗಿನ ಅಮೆರಿಕದ ಟೆಕ್ಸಾಸ್ ಮತ್ತು ಒಕ್ಲಹೋಮ ಪ್ರದೇಶಗಳಲ್ಲಿ ಬಾಳಿದ ಈ ಸರೀಸೃಪಕ್ಕೆ 1895ರಲ್ಲಿ ಎಡ್ವರ್ಡ್ ಡ್ರಿಂಕರ್ ಕೋಪ್ ಎಂಬ ವಿಜ್ಞಾನಿ ಹೆಸರಿತ್ತನು. ಒಕ್ಲಹೋಮದ ರಿಚರ್ಡ್ಸ್ ಸ್ಪರ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಲ್ಲಿ, ಪುರಾತನ ಗುಹೆಗಳನ್ನು ತುಂಬಿದ್ದ ಜೇಡಿಮಣ್ಣಿನ ನಡುವೆ, ಇದರ ಮೂಳೆಗಳು ಹೇರಳವಾಗಿ ದೊರೆತಿವೆ.

ತಲೆಬುರುಡೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಿಂಬದಿ ಅಗಲವಾಗಿ, ಮೂತಿ ಕಿರಿದಾಗಿ, ಮೇಲಿನಿಂದ ನೋಡಿದರೆ ಅದು ಮುಕ್ಕೋನವಾಗಿ ಕಾಣುತ್ತದೆ. ಮೂಳೆಗಳ ಹೊರಮೈಯೆಲ್ಲ ಸಣ್ಣ ಕುಳಿಗಳಿಂದ ಒರಟಾಗಿದೆ. ನೆತ್ತಿಯ ನಡುವೆ ಒಂದು ರಂಧ್ರವುಂಟು. ಅದು ಬೆಳಕನ್ನು ಗ್ರಹಿಸುವ ಅಂಗದ ಎಡೆ. ಅಂತಹ ಅಂಗವನ್ನು ನಮ್ಮ ಬೇಲಿಯ ಓತಿಕೇತದ ನೆತ್ತಿಯಲ್ಲಿ ಇಂದಿಗೂ ಕಾಣಬಹುದು. ಮೊಸಳೆಯ ಬುರುಡೆಯಲ್ಲಿ ಕಣ್ಣಿನ ಹಿಂದೆ ಇರುವ ಕಿಂಡಿಗಳು ಮಾತ್ರ ಇದರಲ್ಲಿಲ್ಲ. ಈ ಲಕ್ಷಣವನ್ನೇ ಹಿಡಿದು ಕೆಲವರು ಇದನ್ನು ಆಮೆಗಳ ಹತ್ತಿರದ ಬಂಧುವೆಂದು ಎಣಿಸಿದ್ದರು. ಆಮೆಗಳು ಮೊಸಳೆ ಮತ್ತು ಹಕ್ಕಿಗಳ ಬಳಗಕ್ಕೆ ಸಮೀಪವೆಂದು ವಂಶವಾಹಿಗಳ ಅಧ್ಯಯನ ತೋರಿಸಿದ ಮೇಲೆ ಆ ವಾದ ಬಲ ಕಳೆದುಕೊಂಡಿತು.

ನಿಜವಾದ ವಿಶೇಷವಿರುವುದು ಬಾಯಿಯೊಳಗೆ. ಮೇಲ್ದವಡೆಯ ತುದಿ ಕೊಕ್ಕೆಯಂತೆ ಕೆಳಬಾಗಿ, ಅಲ್ಲಿಯ ಹಲ್ಲುಗಳು ಉದ್ದವಾಗಿವೆ. ಹಿಂದಿನ ಹಲ್ಲುಗಳಾದರೋ ಮೊಂಡು. ಕ್ಯಾಪ್ಟೊರೈನಸ್ ಅಗೂಟಿ ಎಂಬ ಪ್ರಭೇದದಲ್ಲಿ ಅವು ಒಂದರ ಪಕ್ಕದಲ್ಲೊಂದು ಹಲವು ಸಾಲುಗಳಾಗಿ ನಿಂತಿವೆ. ಗೋಡೆಯ ಮೇಲಿನ ಹಲ್ಲಿಯ ಬಾಯಲ್ಲಿ ಹೊಸ ದಂತವು ಹಳೆಯದರ ಬುಡದಲ್ಲಿ ಹುಟ್ಟಿ, ಅದನ್ನು ಕರಗಿಸಿ ಉದುರಿಸುತ್ತದೆ. ಹಾಗಿರುವಾಗ ಇಲ್ಲಿ ಹಳೆಯ ಸಾಲು ಉಳಿದುದು ಹೇಗೆ? ದವಡೆಗಳನ್ನು ತೆಳುಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಲೆಬ್ಲಾಂಕ್ ಮತ್ತು ರೈಸ್ 2015ರಲ್ಲಿ ಇದಕ್ಕೆ ಉತ್ತರವಿತ್ತರು. ದವಡೆಯ ಮೂಳೆ ನಾಲಗೆಯ ಕಡೆಗೇ ಬೆಳೆಯುತ್ತ ಹೋದುದರಿಂದ ಹಳೆಯ ಹಲ್ಲುಗಳು ಹೊರಬದಿಗೆ ಸರಿದವು. ಒಳಬದಿಯಲ್ಲಿ ಮೊಳೆತ ಹೊಸವು ಅವುಗಳನ್ನು ಮುಟ್ಟಲೇ ಇಲ್ಲ. ಹೀಗೆ ಅರೆಯಲು ಒದಗುವ ಅಗಲವಾದ ದಂತಫಲಕವೊಂದು ಸಿದ್ಧವಾಯಿತು. ಇದೇ ಕುಟುಂಬದ, ನೈಜರ್ ದೇಶದಲ್ಲಿ ದೊರೆತ ಮೊರಡಿಸಾರಸ್‌ನಲ್ಲಿ ಸಾಲುಗಳು ಹತ್ತನ್ನೂ ಮೀರಿದವು.

ಹಲ್ಲು ಬದಲಾಗದಿರುವುದು ಲಾಭವಷ್ಟೇ ಆಗಿರಲಿಲ್ಲ. ಟೆಕ್ಸಾಸಿನ ಲ್ಯಾಬಿಡೊಸಾರಸ್ ಇದರ ಬಂಧು. ಅದಕ್ಕೆ ಒಂದೇ ಸಾಲಿನ ಹಲ್ಲುಗಳಿದ್ದು, ಅವು ದವಡೆಗೆ ಗಟ್ಟಿಯಾಗಿ ಬೆಸೆದುಕೊಂಡು ತೀರ ಅಪರೂಪಕ್ಕೆ ಬದಲಾಗುತ್ತಿದ್ದವು. ಸುಮಾರು 27.5 ಕೋಟಿ ವರ್ಷ ಹಳೆಯದಾದ ಅದರ ಒಂದು ಕೆಳದವಡೆಯನ್ನು ಕ್ಷಕಿರಣ ಚಿತ್ರಣಕ್ಕೆ ಒಳಪಡಿಸಿ ರೈಸ್ ಮತ್ತು ಸಂಗಡಿಗರು 2011ರಲ್ಲಿ ವರದಿಯನ್ನು ಪ್ರಕಟಿಸಿದರು. ಹಲ್ಲುಗಳು ಮುರಿದು ಬಿದ್ದ ಎಡೆಯಲ್ಲಿ ಮೂಳೆ ಬೆಳೆದು ಬಾಯಿ ಮುಚ್ಚಿಕೊಂಡಿತ್ತು. ಒಳಗೆ ಸಿಕ್ಕಿಬಿದ್ದ ರೋಗಾಣುಗಳು ಕೀವುಗಟ್ಟಿಸಿ ದವಡೆಯನ್ನು ಕೊರೆದಿದ್ದವು. ನೆಲವಾಸಿ ಕಶೇರುಕಗಳಲ್ಲಿ ಅದುವರೆಗೆ ತಿಳಿದುಬಂದ ಅತ್ಯಂತ ಹಳೆಯ ದಂತರೋಗವೆಂದು ಅವರು ಅದನ್ನು ಗುರುತಿಸಿದರು.